ಬಣ್ಣ ಹಚ್ಚಿ ಶಾಲು ಹೊದ್ದ ಭಾನುವಾರ

ಸ್ವಲ್ಪ ತಡೆಯಿರಿ, ಅರ್ಧಕ್ಕೆ ಎದ್ದು ಹೋಗಬೇಡಿ. ಇದರ ಕೊನೆಗೆ ಏನಾಯಿತು ಎಂದು ಓದಿದ ಮೇಲೆ ನಿಮಗೂ ನನ್ನ ಹಾಗೆ ಹೇಸಿಗೆ ಅನಿಸದಿದ್ದರೆ ಆಗ ಬೇಕಾದರೆ ಬೈಯಿರಿ.

ನಾನು ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಮನೆ ಶಂಕರಪುರ. ನಾಟಕವನ್ನು ನನಗೆ ಯಾರೂ ಕಲಿಸಿಲ್ಲ. ಮೊಬೈಲಿನಲ್ಲಿ ನೋಡಿ, ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡಿ, ಬಚ್ಚಲುಮನೆಯ ಕನ್ನಡಿಯ ಮುಂದೆ ಅಳುವುದನ್ನು ಕಲಿತೆ. ಕಾಪುವಿನ ಒಂದು ಹವ್ಯಾಸಿ ತಂಡಕ್ಕೆ ಹೊಸಬರು ಬೇಕಂತೆ ಎಂದು ಯಾರದೋ ಸ್ಟೇಟಸ್‌ನಲ್ಲಿ ನೋಡಿದವಳೇ ಓಡಿದೆ. ಮಗಳ ಪಾತ್ರ ಸಿಕ್ಕಿತು. ನಾಟಕದ ಕೊನೆಗೆ ಬರುವ ಒಂದೇ ದೃಶ್ಯ. ಅಪ್ಪ ಮಗಳನ್ನು ಕೇಳದೆ ಮದುವೆ ನಿಶ್ಚಯಿಸಿದ್ದಾನೆ. ಮಗಳು ಎದುರು ನಿಂತು ಆಗುವುದಿಲ್ಲ ಎನ್ನುತ್ತಾಳೆ. ಇಬ್ಬರೂ ಬಾಯಿಗೆ ಬಂದಂತೆ ಜಗಳಾಡುತ್ತಾರೆ.

ಅಮ್ಮನಿಗೆ ಇದು ಯಾವುದೂ ಹಿಡಿಸಿರಲಿಲ್ಲ. ಒಂದು ದಿನ ಮಲ್ಲಿಗೆ ಕಟ್ಟುತ್ತಿದ್ದವಳು ಬಾಳೆನಾರಿನಿಂದ ಕಣ್ಣೆತ್ತದೆ ಹೇಳಿದಳು: “ದಿನಾ ಸಂಜೆ ಕಾಪುವಿಗೆ ಎಂತ ಮಾಡ್ಲಿಕ್ಕೆ ಹೋಗ್ತಿ ಅಂತ ನಾನೂ ಒಮ್ಮೆ ಬಂದು ನೋಡ್ತೇನೆ. ಚಂದ ಇದ್ರೆ ಹೋಗು. ಇಲ್ಲದಿದ್ರೆ ಅಲ್ಲಿಗೆ ನಿಲ್ಲಿಸ್ಬೇಕು, ಆಯ್ತಾ?”

ಅಂದರೆ ನನ್ನ ನಾಟಕದ ಬದುಕೆಲ್ಲ ಆ ಒಂದು ದೃಶ್ಯದ ಮೇಲೆ ನಿಂತಿತು.

ಪ್ರದರ್ಶನ ಭಾನುವಾರ ಮಧ್ಯಾಹ್ನ. ಸಂಜೆಗೆ ಅದೇ ಹಾಲ್‌ನಲ್ಲಿ ಯಾರದೋ ಮದುವೆಯ ಮೆಹೆಂದಿ ಇದ್ದುದರಿಂದ ಬೇಗ ಬಿಟ್ಟುಕೊಡಬೇಕಿತ್ತು. ಆದರೂ ನಾಟಕಕ್ಕೆ ಮೊದಲು ಒಂದು ಚಿಕ್ಕ ಸಭೆ ಎಂದಿದ್ದರು. ನಮ್ಮ ಕಡೆಯ ಚಿಕ್ಕ ಸಭೆ ಎಂದರೆ ನಿಮಗೆ ಗೊತ್ತಲ್ಲ! ವೇದಿಕೆಯ ತುಂಬ ಕುರ್ಚಿ, ಕುರ್ಚಿಯ ತುಂಬ ಗಣ್ಯರು. ಒಬ್ಬೊಬ್ಬರಿಗೂ ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಮೇಲಿಂದ ಸನ್ಮಾನ ಪತ್ರವನ್ನು ಹುಟ್ಟಿದ ಊರಿನಿಂದ ಹಿಡಿದು ಓದಬೇಕು. “ಕಲೆ ಉಳಿಯಬೇಕು, ಕಲಾವಿದ ಬೆಳೆಯಬೇಕು” ಎಂದು ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಹೇಳಿದರು. ಪರದೆಯ ಹಿಂದೆ ಕಲಾವಿದರ ಬಣ್ಣ ಬೆವರಿಗೆ ಇಳಿದು ಕುತ್ತಿಗೆಗೆ ಬರುತ್ತಿತ್ತು.

ಅಷ್ಟರಲ್ಲಿ ತಂಡದ ಕಾರ್ಯದರ್ಶಿ ಒಳಗೆ ಬಂದರು. “ತಂಗಿ, ನೀನು ಹೇಗೂ ಸೀರೆ ಉಟ್ಟಿದ್ದಿ. ಸ್ವಲ್ಪ ಹರಿವಾಣ ಹಿಡಿ ಮಾರಾಯ್ತಿ.”

“ಸರ್, ನಾನು ಮೇಕಪ್‌ನಲ್ಲಿದ್ದೇನೆ.”

“ಒಳ್ಳೇದೇ ಆಯ್ತಲ್ಲ, ಫೋಟೋದಲ್ಲಿ ಚಂದ ಬರ್ತದೆ.”

ಹಾಗೆ ನಾಟಕದ ಮಗಳು ಶಾಲಿನ ಹರಿವಾಣ ಹಿಡಿದು ಗಣ್ಯರಿಂದ ಗಣ್ಯರಿಗೆ ನಡೆದಳು. ಶಾಲಿಗೆ ಪ್ಲಾಸ್ಟಿಕ್ಕಿನ ವಾಸನೆ. ಸನ್ಮಾನ ಆದವರು ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಹಿಂಬಾಗಿಲಿನಿಂದ ಕಾರು ಹತ್ತಿದರು. ಉಳಿಯಬೇಕಾದ ಕಲೆಯನ್ನು ನೋಡಲು ಒಬ್ಬರೂ ಉಳಿಯಲಿಲ್ಲ. ಕೊನೆಗೆ ಮೈಕಿನವರಿಗೂ ಒಂದು ಶಾಲು. ಆ ಮನುಷ್ಯ ಅದನ್ನು ಹೊದ್ದುಕೊಂಡೇ ವೈರ್ ಸರಿಮಾಡಲು ಹೋದ. ಪ್ರೇಕ್ಷಕರ ನಡುವೆ ಕುಳಿತಿದ್ದ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಮಗಳು ದಿನಾ ಹೋಗುವುದು ಹರಿವಾಣ ಹಿಡಿಯಲಿಕ್ಕೆ ಎಂದುಕೊಂಡಳೋ ಏನೋ.

ಅಂತೂ ನಾಟಕ ಶುರುವಾಯಿತು. ಅರ್ಧವೂ ಆಗಿರಲಿಲ್ಲ, ಮೆಹೆಂದಿಯವರು ಸೋಫಾ ಹೊತ್ತು ಒಳಗೆ ಬಂದರು. ಕಾರ್ಯದರ್ಶಿ ಪರದೆ ಎಳೆಯಲು ಕೈಬೀಸಿದರು. ಅಪ್ಪನ ಪಾತ್ರದ ಹಿರಿಯರು ಮೀಸೆ ಒತ್ತಿಕೊಳ್ಳುತ್ತಾ ಓಡಿ ಬಂದರು. “ಎಂತ ಮಾರಾಯ್ರೆ, ನಮ್ಮ ಸೀನ್ ಉಂಟಲ್ಲ ಇನ್ನೂ!”

“ಅಡ್ಜಸ್ಟ್ ಮಾಡಿ. ಅವರದ್ದು ಮದುವೆ ಅಲ್ವಾ?” ಎಂದ ಕಾರ್ಯದರ್ಶಿ ನನ್ನ ಕಡೆ ತಿರುಗಿದರು. “ನೀನು ಬೇಜಾರು ಮಾಡ್ಬೇಡ ತಂಗಿ, ನಿನಗೆ ವ್ಯವಸ್ಥೆ ಮಾಡಿದ್ದೇನೆ.”

ವ್ಯವಸ್ಥೆ ಏನು ಗೊತ್ತೇ? ಪರದೆ ಮತ್ತೆ ಎದ್ದಿತು. ನನ್ನನ್ನು ನಡುವೆ ನಿಲ್ಲಿಸಿ, “ಅಮೋಘ ಅಭಿನಯದಿಂದ ಎಲ್ಲರ ಮನಗೆದ್ದ ಉದಯೋನ್ಮುಖ ಕಲಾವಿದೆ” ಎಂದು ಮೈಕಿನಲ್ಲಿ ಕೂಗಿ, ಉಳಿದಿದ್ದ ಒಂದು ಶಾಲನ್ನು ನನಗೆ ಹೊದೆಸಿದರು! ಒಂದು ಮಾತನ್ನೂ ಆಡದವಳ ಅಭಿನಯಕ್ಕೆ ಜನ ಚಪ್ಪಾಳೆಯನ್ನೂ ತಟ್ಟಿದರು. ಥೂ.

ಬಸ್ಸಿನಲ್ಲಿ ಅಮ್ಮ ಆ ಶಾಲನ್ನು ಮಡಿಲಲ್ಲಿಟ್ಟು ಅಂಚು ಸವರುತ್ತಿದ್ದಳು. “ಇಷ್ಟು ಮರ್ಯಾದೆ ಉಂಟು ಅಂತ ಮೊದಲೇ ಹೇಳ್ಬಾರದಿತ್ತಾ? ಹೋಗು, ಇನ್ನು ದಿನಾ ಹೋಗು.”

“ಅಮ್ಮಾ, ನಾನು ಎಂತ ಸಹ ಮಾಡ್ಲಿಲ್ಲ!”

“ಮಾಡದೆ ಯಾರಾದ್ರೂ ಶಾಲು ಹಾಕ್ತಾರಾ?”

“ಮೈಕಿನವರಿಗೆ ಹಾಕ್ಲಿಲ್ವಾ?”

“ಮೈಕಿಲ್ಲದೆ ಕೇಳ್ತದಾ?”

“ಮನೆಗೆ ಹೋಗಿ ಆ ಸೀನ್ ಪೂರ್ತಿ ಮಾಡಿ ತೋರಿಸ್ತೇನೆ, ನೋಡು.”

“ಬೇಡ ಮಾರಾಯ್ತಿ. ಪಕ್ಕದ ಮನೆಯವರು ಜಗಳ ಅಂತ ಓಡಿ ಬರ್ತಾರೆ.”

ಅನುಮತಿ ಸಿಕ್ಕಿತು. ಆದರೆ ಅದು ನಾನು ಕಲಿತದ್ದಕ್ಕೆ ಸಿಕ್ಕಿದ್ದಲ್ಲ, ಅದೇ ನನಗೆ ಅಸಹ್ಯ. ನಾನು ಕೆಟ್ಟದಾಗಿ ಅಭಿನಯಿಸಿ ಅಮ್ಮ ಬೇಡ ಎಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಮರುದಿನ ತಂಡದ ವಾಟ್ಸಾಪ್ ಗುಂಪಿನಲ್ಲಿ ಬಂದ ಫೋಟೋಗಳಲ್ಲಿ ನಾಟಕದ್ದು ಒಂದೂ ಇರಲಿಲ್ಲ. ಗುಂಪಿನಿಂದ ಹೊರಬಂದೆ.

ನಂತರ ಕಾರ್ಕಳದ ಒಂದು ತಂಡಕ್ಕೆ ಫೋನ್ ಮಾಡಿ, ನಿಮ್ಮಲ್ಲಿ ನಾಟಕ ಮೊದಲೋ ಸಭೆ ಮೊದಲೋ ಎಂದು ಕೇಳಿದೆ. ಆ ಕಡೆಯವರು ನಕ್ಕುಬಿಟ್ಟರು. “ಸಭೆ ಇಲ್ಲದೆ ಎಂತ ನಾಟಕ ಮಾರಾಯ್ತಿ!”

ಇದು ನನಗೊಬ್ಬಳಿಗೇ ಆದದ್ದೋ? ಬಣ್ಣ ಹಚ್ಚಿ ಕಾದು ಹಾಗೇ ಮುಖ ತೊಳೆದುಕೊಂಡವರು ನೀವೂ ಇದ್ದರೆ ಈ ಪೋಸ್ಟಿನ ಕೆಳಗೆ ಬರೆಯಿರಿ, ನಾಚಿಕೆ ಬೇಡ. ಉಡುಪಿಯಿಂದ ಕಾರ್ಕಳದವರೆಗೆ ಎಲ್ಲಾದರೂ ನಾಟಕ ಮುಗಿದ ಮೇಲೆ ಭಾಷಣ ಮಾಡುವ ತಂಡ ನಿಮಗೆ ಗೊತ್ತಿದ್ದರೆ ಅದನ್ನು ಮೊದಲು ಬರೆಯಿರಿ. ಅಮ್ಮನನ್ನು ಕರೆದುಕೊಂಡು ಬರುತ್ತೇನೆ.