ಗಂಗಿ ಮನೆಯ ಶಾಪದ ಚೊಂಬು

ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಪಾತ್ರೆ ತಿಕ್ಕುವಾಗ ಎದ್ದ ಹುಳಿ ವಾಸನೆಗೆ, ಧರ್ಮಪುರದ ಬಾಲ್ಯದ ಗೆಳತಿ ಗಂಗಿಯ ಮನೆ ನೆನಪಾಯಿತು.

ಅವರ ಮನೆಯ ಗೋಡೆಗೂಡಿನಲ್ಲಿ ಒಂದು ಸೊಟ್ಟ ಹಿತ್ತಾಳೆ ಚೊಂಬಿತ್ತು. ಸುತ್ತೂರೆಲ್ಲ ಹೆದರುತ್ತಿದ್ದ ದರೋಡೆಕೋರನೊಬ್ಬ ಪೊಲೀಸರ ಕೈಗೆ ಸಿಗುವ ಮುಂಚೆ ಕೊನೆಯದಾಗಿ ನೀರು ಕುಡಿದದ್ದು ಅದರಲ್ಲಂತೆ. ಅದನ್ನು ಮುಟ್ಟಿದವರಿಗೆ, ಅದರಲ್ಲಿ ಕುಡಿದವರಿಗೆ ಕೇಡು ತಪ್ಪದೆಂದು ಗಂಗಿಯ ಅಜ್ಜಿ ಬರಿಗೈಲಿ ಮುಟ್ಟದೆ, ಸೆರಗಿನಲ್ಲಿ ಹಿಡಿದೇ ಬೆಳಗುತ್ತಿದ್ದರು. ಶಾಲೆಯ ಮಕ್ಕಳೆಲ್ಲ ಅದನ್ನು ನೋಡಲು ಓಡುತ್ತಿದ್ದರು. ನಮ್ಮ ಮನೆಯಲ್ಲಿ ಶೇಂಗಾ ಚೀಲ ಬಿಟ್ಟರೆ ತೋರಿಸಲು ಏನೂ ಇರಲಿಲ್ಲ.

ಗಂಗಿ ಬೇವಿನ ಮರದಿಂದ ಬಿದ್ದು ಕೈ ಮುರಿದುಕೊಂಡಾಗ ಎಲ್ಲರೂ ಚೊಂಬಿನ ಕಾಟವೆಂದರು. ನೋಡಲು ಬಂದವರು ಬ್ರೆಡ್ಡು, ಬಿಸ್ಕತ್ತು ತಂದರು. ನನಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಅವಳ ಎದುರೇ ಚೊಂಬು ತುಂಬಿಸಿ ಗಟಗಟ ಕುಡಿದೆ. ದಿನಗಟ್ಟಲೆ ಕಾದೆ. ಒಂದು ಕೆಮ್ಮೂ ಬರಲಿಲ್ಲ.

"ನಂಗ್ಯಾಕೆ ಏನೂ ಆಗ್ಲಿಲ್ಲ?" ಎಂದು ಅಳುತ್ತಾ ಅವಳನ್ನೇ ಕೇಳಿದೆ.

"ನಿಂಗೆಂಗೆ ಆಗ್ತೈತೆ ಲೇ?" ಗಂಗಿ ಪಟ್ಟಿ ಕಟ್ಟಿದ ಕೈಯನ್ನು ಎದೆಗವಚಿಕೊಂಡು ಗದರಿದಳು. "ಅದು ನಮ್ಮನೆ ಶಾಪ!"

ಈಗ ಗಂಗಿಗೆ ಮೊಮ್ಮಕ್ಕಳಿದ್ದಾರೆ. ಮೊನ್ನೆ ಫೋನಿನಲ್ಲಿ ಮಂಡಿನೋವಿಗೂ ಆ ಚೊಂಬನ್ನೇ ಬೈದಳು. ನನಗೂ ಮಂಡಿ ನೋಯುತ್ತದೆ. ಆದರೆ ಡಾಕ್ಟರು ಬರೀ ವಯಸ್ಸು ಅನ್ನುತ್ತಾರೆ.