ಹೆಸರು ಹೇಳದ ಕಷಾಯ

ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಆ ಕಹಿ ವಾಸನೆ ಅಡುಗೆಮನೆ ದಾಟಿ ಬಂತು. ನನ್ನ ಬಲಗಾಲಿನ ಹೆಬ್ಬೆರಳು ಬಾತು ಕೆಂಪಾಗಿದೆ. ರಕ್ತದಲ್ಲಿ ಯೂರಿಕ್ ಆಸಿಡ್ ಏರಿದೆಯಂತೆ. ಹೊದಿಕೆ ಸೋಕಿದರೂ ಅಪ್ಪನ ಹಾಗೆಯೇ ಚೀರುತ್ತೇನೆ. ಆ ‘ಅಪ್ಪನ ಹಾಗೆ’ ಎಂಬುದೇ ನನ್ನ ಭಯ.

“ದೇವಿಕೊಪ್ಪದ ಅತ್ತಿ ಕಳಿಸ್ಯಾರ್ರಿ, ಬಿಸಿ ಮಾಡಿ ಕೊಡ್ಲ್ಯಾ?” ಎಂದಳು ಹೆಂಡತಿ.

“ಬ್ಯಾಡ ಬೇ, ಮುಚ್ಚಿಡು!” ದನಿ ನಡುಗಿದ್ದು ನನಗೇ ಕೇಳಿಸಿತು. ಕಷಾಯಕ್ಕೆ ಹೆದರುವ ಗಂಡಸನ್ನು ನೀವು ನೋಡಿರಲಿಕ್ಕಿಲ್ಲ, ಇಗೋ, ನೋಡಿ.

ಈ ಅತ್ತೆ ಅಪ್ಪನ ತಂಗಿ, ಊರಿಗೆಲ್ಲ ಗಿಡದ ಔಷಧ ಕೊಡುವಾಕೆ. ಅಪ್ಪ ಗುಡಗೇರಿ ಸಂತೆಯಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ. ಕಾಲಿನ ಹೆಬ್ಬೆರಳು ನೋಯಿತೆಂದರೆ ಆಕೆಯ ಕಷಾಯ ಕುಡಿದು ನಾಲ್ಕಾರು ದಿನಕ್ಕೆ ಎದ್ದು ಅಡ್ಡಾಡುತ್ತಿದ್ದ. ಡಾಕ್ಟರು ಕೊಟ್ಟ ಮಾತ್ರೆ ಗೋಡೆಯ ಮಾಡದಲ್ಲೇ ಉಳಿದವು. ಯಾವ ಗಿಡ? ಯಾರೂ ಕೇಳಲಿಲ್ಲ. ಹೆಸರು ಹೇಳಿದರೆ ಔಷಧದ ಗುಣ ಹೋಗುತ್ತದೆಂದು ನಮ್ಮ ಕಡೆ ಕೊಡುವವರು ಹೇಳುವುದಿಲ್ಲ, ಕುಡಿಯುವವರು ಕೇಳುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಹತ್ತು ಪ್ರಶ್ನೆ ಹಾಕುವ ಮನೆ ನಮ್ಮದು. ಇದಕ್ಕೆ ಮಾತ್ರ ಎಲ್ಲರೂ ಮೂಕರು.

ಒಂದು ದಿನ ಅಪ್ಪನ ಮುಖ ಬಾತಿತು, ಮೂತ್ರ ನಿಂತಿತು. ಆಸ್ಪತ್ರೆಯಲ್ಲಿ ಡಾಕ್ಟರು ಅತ್ತೆಯನ್ನು ಕೇಳಿದರು: “ಕಿಡ್ನಿ ಕೆಲಸಾ ಬಿಟ್ಟಾವ. ಏನ್ ಕುಡಿಸೀರಿ, ಹೆಸರರ ಹೇಳ್ರಿ.”

ಅತ್ತೆ ಕೈ ಮುಗಿದಳು. “ಹೇಳಬಾರದ್ರಿ... ಹೇಳಿದ್ರ ಅಣ್ಣಗ ಔಷಧ ನಾಟೂದಿಲ್ಲ. ಗಿಡಾನ ಕಿತ್ತು ತರ್ತೇನಿ, ನೀವ ನೋಡ್ರಿ.”

ಬಸ್ಸು ಹಿಡಿದು ಊರಿಗೆ ಓಡಿದಳು. ನಾನು ಅಪ್ಪನ ತಣ್ಣನೆಯ ಪಾದ ಹಿಡಿದು ಬಾಗಿಲನ್ನೇ ನೋಡುತ್ತ ಕೂತೆ. ಆಕೆ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬರುವಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದ. ಆ ಸೆರಗನ್ನು ಆಕೆ ಬಿಚ್ಚಲೇ ಇಲ್ಲ. ಕೊಂದದ್ದು ಕಷಾಯವೋ, ನುಂಗದೆ ಬಿಟ್ಟ ಮಾತ್ರೆಯೋ, ಹೇಳದೆ ಉಳಿದ ಹೆಸರೋ? ಡಾಕ್ಟರಿಗೂ ತಿಳಿಯಲಿಲ್ಲ.

“ರೀ, ಬಾಟಲಿ ಬಂದ ಚೀಲದಾಗ ಇನ್ನೂ ಏನೋ ಐತಿ,” ಹೆಂಡತಿ ಕೂಗಿದಳು.

ಕಾಗದದ ಪೊಟ್ಟಣದಲ್ಲಿ ಬೇರುಸಹಿತ ಒಂದು ಗಿಡ, ಮಣ್ಣು ಇನ್ನೂ ಹಸಿ. ಸಣ್ಣ ಹಳದಿ ಹೂ, ಮುಳ್ಳಿನ ಕಾಯಿ. ಅಯ್ಯ, ನೆಗ್ಗಿಲು! ಹೊಲದ ದಾರಿಯಲ್ಲಿ ನಮ್ಮ ಬರಿಗಾಲಿಗೆ ಚುಚ್ಚುತ್ತಿದ್ದ ಅದೇ ನೆಗ್ಗಿಲು.

ಅತ್ತೆಗೆ ಫೋನ್ ಮಾಡಿದೆ.

“ಹೆಸರು ಈಗೂ ಹೇಳೂದಿಲ್ಲ, ತಮ್ಮಾ,” ಎಂದಳು. “ಅದನ್ನ ಮೊದಲ ಡಾಕ್ಟರಿಗೆ ತೋರಿಸು. ಅವರು ಹೂಂ ಅಂದ್ರಷ್ಟ ಕುಡಿ. ಬ್ಯಾಡ ಅಂದ್ರ ಚೆಲ್ಲಿಬಿಡಪಾ.”

ಹೆದರಿಕೆ ಹೋಗಿಲ್ಲ. ಆದರೂ ಡಾಕ್ಟರು ನನಗೆ ಕೊಟ್ಟ ಮಾತ್ರೆ ನುಂಗಿ, ಗಿಡವನ್ನು ಮುಷ್ಟಿಯಲ್ಲಿ ಹಿಡಿದು, ಕುಂಟುತ್ತ ಆಸ್ಪತ್ರೆಗೆ ಹೊರಟಿದ್ದೇನೆ. ಮುಳ್ಳು ಅಂಗೈಗೆ ಚುಚ್ಚುತ್ತಿದೆ. ಆವತ್ತು ಸೆರಗಿನಲ್ಲಿ ಮುಚ್ಚಿಕೊಂಡು ಬಂದಾಗ ಅತ್ತೆಗೂ ಹೀಗೇ ಚುಚ್ಚಿರಬೇಕು, ದಾರಿಯುದ್ದಕ್ಕೂ.