ಹೆಬ್ಬೆಟ್ಟಿನಷ್ಟು ತುಕ್ಕು

ಹೊರಗೆ ಬೀದಿಯಲ್ಲಿ ಬೂದುಗುಂಬಳ, ಮಾವಿನ ಸೊಪ್ಪು ಮಾರುವವರ ಕೂಗು ಆಗಲೇ ಶುರುವಾಗಿದೆ. ಇವತ್ತು ಆಯುಧಪೂಜೆ. ಮೈಸೂರಿನ ಕೃಷ್ಣಮೂರ್ತಿಪುರಂನ ಮನೆಯೊಂದರ ಹಿಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ ಹಳೇ ಪಂಚೆಯ ತುಂಡು ಹಾಸಿಕೊಂಡು ಏಕಾಂತಯ್ಯ ಬೆಳಕು ಹರಿಯುವುದನ್ನೇ ಕಾಯುತ್ತಿದ್ದಾರೆ. ಟ್ಯೂಬ್‌ಲೈಟ್ ಅವರಿಗೆ ಆಗದು. “ಆ ಬೆಳಕಲ್ಲಿ ತುಕ್ಕೂ ಒಂದೇ, ನೆರಳೂ ಒಂದೇ” ಎನ್ನುತ್ತಾರೆ.

ಅವರ ಕೈಯಲ್ಲಿರುವುದು ನೂರೈವತ್ತು ವರ್ಷ ದಾಟಿದ ರಿವಾಲ್ವರ್. ಒಳಗೆ ಏನೂ ಇಲ್ಲವೆಂದು ಮೊದಲು ನೋಡಿಕೊಳ್ಳುತ್ತಾರೆ, ಮತ್ತೊಮ್ಮೆ ನೋಡಿಕೊಳ್ಳುತ್ತಾರೆ. ಆಮೇಲೆ ಕಿವಿಯ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಕುದುರೆಯನ್ನು, ಗುಂಡು ಹಾರಿಸಲು ಬಡಿಯುವ ಆ ಕೊಕ್ಕೆಯನ್ನು, ನಿಧಾನಕ್ಕೆ ಹಿಂದಕ್ಕೆ ಎಳೆದು ಸದ್ದು ಕೇಳುತ್ತಾರೆ. ಸಿಂಗಲ್ ಆ್ಯಕ್ಷನ್ ಎಂದರೆ ಇಷ್ಟೇ: ಒಂದೊಂದು ಗುಂಡಿಗೂ ಹೀಗೆ ಕೈಯಾರೆ ಕುದುರೆ ಎಳೆಯಲೇಬೇಕು.

“ಇದಕ್ಕೆ ಅವಸರ ಅನ್ನೋದೇ ಇಲ್ಲ ಕಣ್ರೀ. ಪ್ರತಿ ಸಲಾನೂ, ಇನ್ನೊಂದ್ಸಲ ಯೋಚ್ನೆ ಮಾಡು ಅಂತದೆ.”

ಏಕಾಂತಯ್ಯ ಹುಡುಗನಾಗಿದ್ದಾಗಲೇ ಕೋವಿ ಅಂಗಡಿಯೊಂದರ ಹಿಂದಿನ ಬೆಂಚಿಗೆ ಬಂದವರು. ತೋಟದವರ ಜೋಡಿನಳಿಗೆ ಕೋವಿ, ಹಳ್ಳಿಯವರ ಕೇಪಿನ ಕೋವಿ, ಎಲ್ಲವೂ ಅವರ ಕೈಯಲ್ಲಿ ರಿಪೇರಿಯಾಗಿ ಹೋಗಿವೆ. ಲೈಸೆನ್ಸುಗಳು ಕಮ್ಮಿಯಾದವು, ಅಂಗಡಿ ಬಾಗಿಲು ಹಾಕಿತು. ಕೋವಿ ರಿಪೇರಿಯವನೆಂದರೆ ಬಾಡಿಗೆ ಮನೆ ಕೊಡಲೂ ಜನ ಹಿಂದೆಮುಂದೆ ನೋಡುತ್ತಿದ್ದ ಕಾಲ. ಕೈಕಟ್ಟಿ ಕೂರುವ ಹೊತ್ತಿಗೆ ಈ ಮನೆಯ ಯಜಮಾನ ಮಹದೇವಪ್ರಸಾದ್ ಹುಡುಕಿಕೊಂಡು ಬಂದರು. ವಿದೇಶದಿಂದ ಬಂದ ಹಳೆಯ ರಿವಾಲ್ವರ್‌ಗಳನ್ನು ಕೂಡಿಡುವ ಹುಚ್ಚು ಅವರದು. ಪ್ರತಿ ಸೋಮವಾರ ಬಂದು ಎಣ್ಣೆ ಹಚ್ಚಿಹೋಗು ಎಂದರು. ಎಣ್ಣೆ ಹಚ್ಚುವುದು ಗಳಿಗೆಯ ಕೆಲಸ, ಮಾತು ಮಾತ್ರ ಮಧ್ಯಾಹ್ನದವರೆಗೆ ಮುಗಿಯುತ್ತಿರಲಿಲ್ಲ.

ಮಹದೇವಪ್ರಸಾದ್ ಇಂಗ್ಲಿಷ್ ಪುಸ್ತಕ ಹಿಡಿದು ತಯಾರಕರ ಕಥೆ ಓದಿ ಹೇಳುವರು. ಏಕಾಂತಯ್ಯ ಅದೇ ರಿವಾಲ್ವರನ್ನು ಬಿಚ್ಚಿ, ಓದಿದ್ದು ಹೌದೋ ಅಲ್ಲವೋ ನೋಡುವರು. ಬೆಲ್ಜಿಯಂನ ಲೀಜ್ ಎಂಬ ಊರಿನಲ್ಲಿ ಒಂದು ಮನೆಯವರು ನಳಿಗೆ ಕೊರೆದರೆ ಇನ್ನೊಂದು ಮನೆಯವರು ಸ್ಪ್ರಿಂಗ್ ಮಾಡುತ್ತಿದ್ದರಂತೆ.

“ನಮ್ಮೂರಲ್ಲಿ ಮನೆಮನೇಲಿ ಊದಿನಕಡ್ಡಿ ಹೊಸೀತಿದ್ರಲ್ಲ, ಅಂಗೇ. ಮೇಲೆ ಕಂಪನಿ ಹೆಸರು ದೊಡ್ಡದಾಗಿರ್ತದೆ. ಬಿಚ್ಚಿದ್ರೆ ಒಳಗೆಲ್ಲೋ ಒಂದಕ್ಷರ, ಒಂದು ಚುಕ್ಕೆ. ಅದು ಕೆಲಸದವನು ಹೊಡ್ಕೊಂಡಿದ್ದು. ಸಿಕ್ಕಿದಾಗ ನಾವಿಬ್ರೂ ನೆಂಟರು ಸಿಕ್ಕಂಗೆ ಕುಣೀತಿದ್ವಿ.”

ಮಹದೇವಪ್ರಸಾದ್ ಹೋದ ಕಾರ್ತಿಕದಲ್ಲಿ ತೀರಿಕೊಂಡರು. ಏಕಾಂತಯ್ಯ ಈಗಲೂ ಸೋಮವಾರ ತಪ್ಪಿಸುವುದಿಲ್ಲ. ಆದರೆ ಅಕ್ಷರ ಸಿಕ್ಕರೆ ತೋರಿಸಲು ಎದುರಿನ ಕುರ್ಚಿಯಲ್ಲಿ ಯಾರೂ ಇಲ್ಲ. ಹೆಂಡತಿ ಇಲ್ಲದ ತಮ್ಮ ಮನೆಯ ಮೌನ ಅವರಿಗೆ ರೂಢಿಯಾಗಿತ್ತು. ಈ ಕೋಣೆಯ ಮೌನ ಇನ್ನೂ ರೂಢಿಯಾಗಿಲ್ಲ.

ಇವತ್ತು ಕೈಯಲ್ಲಿರುವುದು ಕೋಲ್ಟ್. ಆ ಅಮೆರಿಕದ ಕಂಪನಿ ಲಂಡನ್ನಿನಲ್ಲೂ ಕೆಲವೇ ವರ್ಷ ಕಾರ್ಖಾನೆ ನಡೆಸಿ ಮುಚ್ಚಿತು. ಇದು ಅಲ್ಲಿ ಹುಟ್ಟಿದ್ದು. ಮಹದೇವಪ್ರಸಾದರ ಮುದ್ದಿನ ಕೂಸು. ಅದರ ನೀಲಿ ಮೆರುಗಿನ ನಳಿಗೆಯ ಮೇಲೆ, ಕಂದು ಬಣ್ಣದ ಒಂದು ಕಲೆ. ಹಿಂದೊಂದು ಆಯುಧಪೂಜೆಯ ದಿನ ಅವರು ಗಂಧದಲ್ಲಿ ಕಲಸಿದ ಕುಂಕುಮವನ್ನು ಹಸಿಯಾಗಿಯೇ ಹೆಬ್ಬೆರಳಿನಿಂದ ಒತ್ತಿ, ಒರೆಸುವುದನ್ನು ಮರೆತು, ಪೆಟ್ಟಿಗೆ ಮುಚ್ಚಿಟ್ಟಿದ್ದರು. ಸೋಮವಾರ ತೆಗೆದು ನೋಡಿದರೆ ತುಕ್ಕು ಕಚ್ಚಿಕೊಂಡಿತ್ತು.

“‘ಇದೇನ್ ಸಾರ್ ಇಂಗ್ ಮಾಡ್ಬುಟ್ರಿ’ ಅಂತ ಬೈದ್ಬುಟ್ಟೆ. ‘ದೇವರಿಗೆ ಇಟ್ಟಿದ್ದು ಕಣಯ್ಯ’ ಅಂದ್ರು. ಮುಖ ಮಾತ್ರ ಮಗೂ ಥರ ಆಗೋಗಿತ್ತು.” ಏಕಾಂತಯ್ಯ ಎಣ್ಣೆ ಹಾಕಿ ತುಕ್ಕು ನಿಲ್ಲಿಸಿದರು. ಹೆಬ್ಬೆಟ್ಟಿನ ಗುರುತು ಉಳಿದೇ ಹೋಯಿತು.

ಹಬ್ಬ ಮುಗಿದ ಮೇಲೆ ಬೇರೆ ಊರಿನ ಸಂಗ್ರಾಹಕರೊಬ್ಬರು ಎಲ್ಲವನ್ನೂ ಒಯ್ಯುತ್ತಾರೆ. ಕಾಗದಪತ್ರ ಸರಿಯಾಗಿವೆ. ಅವರದು ಒಂದೇ ಷರತ್ತು: ಕೋಲ್ಟ್‌ನ ಕಲೆ ಹೋಗಬೇಕು, ಇಲ್ಲದಿದ್ದರೆ ಅದೊಂದು ಬೇಡ. ಲೈಸೆನ್ಸ್ ಇದ್ದವರು ಹೋದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಬೇಡವಾದದ್ದು ಸರ್ಕಾರಿ ಉಗ್ರಾಣ ಸೇರುತ್ತದೆ. ಅಲ್ಲಿ ಸೋಮವಾರ ಎಣ್ಣೆ ಹಚ್ಚುವವರು ಯಾರು?

ಮಹದೇವಪ್ರಸಾದರ ಮಗಳು ಮಾಲವಿಕಾ ಕಾಫಿ ತಂದಿಡುತ್ತಾರೆ. ಕಲೆಯನ್ನು ಬಗ್ಗಿ ನೋಡುತ್ತಾರೆ. “ಅಪ್ಪನ ಬೆರಳಲ್ವಾ ಅಂಕಲ್? ನನ್ನ ಕೈಲಿ ಹೇಳೋಕಾಗಲ್ಲ. ನಿಮಗೆ ಹೇಗೆ ಅನ್ಸುತ್ತೋ ಹಾಗೆ ಮಾಡಿ.” ಅಷ್ಟು ಹೇಳಿ ಒಳಗೆ ಹೋಗುತ್ತಾರೆ.

ಕಾಫಿ ಆರಿ ಕೆನೆ ಕಟ್ಟುತ್ತದೆ. ಏಕಾಂತಯ್ಯ ತಮ್ಮ ಹೆಬ್ಬೆರಳನ್ನು ಕಲೆಯ ಮೇಲಿಟ್ಟು ನೋಡುತ್ತಾರೆ. ಅವರದು ಸಣ್ಣದು, ಕಲೆ ಸುತ್ತಲೂ ಕಾಣುತ್ತದೆ.

“ಗುರುತು ಇಟ್ಕೊಂಡ್ರೆ ನಂಗೆ ಸಮಾಧಾನ. ಆದ್ರೆ ಕೋಲ್ಟ್ ಉಗ್ರಾಣದಲ್ಲಿ ಕೊಳೆತೋಯ್ತದೆ. ಅವರಿದ್ದಿದ್ರೆ ಯಾವ್ದು ಬೇಕು ಅಂತಿದ್ರು? ಕೋಲ್ಟೇ ಅಂತಿದ್ರು.”

ಉಕ್ಕಿನ ನಾರನ್ನು ಎಣ್ಣೆಯಲ್ಲಿ ಅದ್ದುತ್ತಾರೆ. ಪಕ್ಕದ ಅಕ್ಷರಗಳಿಗೆ ತಾಗದಂತೆ, ಉಸಿರು ಬಿಗಿಹಿಡಿದು ಉಜ್ಜುತ್ತಾರೆ. ಕಂದು ಬಣ್ಣ ಮೊದಲು ತೆಳುವಾಗುತ್ತದೆ, ಆಮೇಲೆ ಒರೆಸುವ ಬಟ್ಟೆಗೆ ಹತ್ತುತ್ತದೆ. ಅವರ ಕಣ್ಣಲ್ಲಿ ನೀರು. ಅದು ಲೋಹದ ಮೇಲೆ ಬಿದ್ದೀತೆಂದು ಮುಖವನ್ನು ಆಚೆ ತಿರುಗಿಸಿಕೊಂಡು ಒರೆಸಿಕೊಳ್ಳುತ್ತಾರೆ. ನೀಲಿ ಬಣ್ಣ ಮತ್ತೆ ಹಿಡಿಸಿ ಪೆಟ್ಟಿಗೆ ಮುಚ್ಚುವಾಗ ನಳಿಗೆಯ ಮೇಲೆ ಲಂಡನ್ನಿನ ಅಕ್ಷರಗಳಿವೆ, ಮೈಸೂರಿನವರ ಗುರುತಿಲ್ಲ.

ಮಧ್ಯಾಹ್ನ ಬನ್ನಿಮಂಟಪದ ತಮ್ಮ ಒಂಟಿ ಕೋಣೆಯ ಮನೆಗೆ ಮರಳಿ, ಹಲಗೆಯ ಮೇಲೆ ಹತಾರಗಳನ್ನು ಜೋಡಿಸುತ್ತಾರೆ. ತಿರುಪುಳಿ, ಅರ, ಕನ್ನಡಿಯಂತೆ ಹೊಳೆಯುವ ಪುಟ್ಟ ಸುತ್ತಿಗೆ. ಬೇರೆ ವರ್ಷಗಳಲ್ಲಿ ಅವುಗಳ ಹಿಡಿಗೆ ಮಾತ್ರ ಕುಂಕುಮ, ಕಬ್ಬಿಣಕ್ಕೆ ಬರೀ ಹೂವು. ಇವತ್ತು ಗಂಧದಲ್ಲಿ ಕುಂಕುಮ ಕಲಸಿ, ಸುತ್ತಿಗೆಯ ಉಕ್ಕಿನ ಮೇಲೆಯೇ ಹೆಬ್ಬೆರಳು ಒತ್ತುತ್ತಾರೆ. ಆರತಿ ಆಗುತ್ತದೆ. ಬಟ್ಟೆ ಕೈಗೆಟುಕುವಲ್ಲೇ ಇದೆ, ಅವರು ಮುಟ್ಟುವುದಿಲ್ಲ.

ಒರೆಸುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

“ಜೀವಮಾನವೆಲ್ಲ ಒರೆಸಿದ್ದೇ ಆಯ್ತು. ಇದೊಂದು ತುಕ್ಕು ಹಿಡೀಲಿ ಬುಡಿ.”